ನನ್ನ ಮಷೀನಲ್ಲಿ ಓಡ್ತಿದೆಯಲ್ಲ!

ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರನ್ನೇ ಕೇಳಿ, ಈ ಮಾತನ್ನು ಒಂದೋ ಕೇಳಿರುತ್ತಾರೆ, ಇಲ್ಲಾ ಹೇಳಿರುತ್ತಾರೆ: ‘ನನ್ನ ಮಷೀನಲ್ಲಿ ಓಡ್ತಿದೆಯಲ್ಲ!’ ಇದರ ಮೇಲೆ ಬೇಕಾದಷ್ಟು ಜೋಕುಗಳಿವೆ. ಟೀಶರ್ಟುಗಳ ಮೇಲೂ ಅಚ್ಚಾಗಿದೆ. ಜೋಕು ಬದಿಗಿಟ್ಟು ನೋಡಿದರೆ ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಹೇಳಿದವರ ಮಷೀನಲ್ಲಿ ಅದು ನಿಜಕ್ಕೂ ಓಡುತ್ತಿರುತ್ತದೆ, ಟೆಸ್ಟುಗಳೂ ಪಾಸಾಗಿರುತ್ತವೆ. ಆದರೂ ಎದುರಿಗಿದ್ದವರಿಗೆ ಸಿಟ್ಟು ಬರುತ್ತದೆ. ಯಾಕೆ? ನಿಜವನ್ನೇ ಹೇಳಿಯೂ ಒಬ್ಬರು ಜವಾಬ್ದಾರಿಯಿಂದ ನುಣುಚಿಕೊಳ್ಳಲು ಸಾಧ್ಯವಾ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಸಿ ಭಾಷೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜಾವಾ, ಪೈಥಾನ್ ಥರದ ಭಾಷೆಗಳು ನಮಗೂ ಯಂತ್ರಕ್ಕೂ ನಡುವೆ ಒಂದು ಪದರ ಹಾಸಿ, ಯಂತ್ರಗಳ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತವೆ. ಸಿ ಅಷ್ಟು ಮುಚ್ಚಟೆ ಮಾಡುವುದಿಲ್ಲ. ಯಂತ್ರ ಬದಲಾದರೆ, ಕಂಪೈಲರ್ ಬದಲಾದರೆ, ಅದೇ ಕೋಡಿನ ಅರ್ಥವೇ ಬದಲಾಗಬಹುದು.

ಒಂದು ಹಳೇ ಉದಾಹರಣೆ ನೋಡಿ. ಒಂದೊಂದೇ ಅಕ್ಷರ ಓದುತ್ತಾ ಹೋಗಬೇಕು, ಮುಗಿದಾಗ ನಿಲ್ಲಬೇಕು. ಇದಕ್ಕೆ ಸಿಯಲ್ಲಿ ‘ಗೆಟ್‌ಚಾರ್’ ಅನ್ನುವ ಫಂಕ್ಷನ್ ಇದೆ. ಓದಲು ಇನ್ನೇನೂ ಉಳಿದಿಲ್ಲ ಅಂದಾಗ ಅದು ಒಂದು ಋಣ ಸಂಖ್ಯೆ ಕೊಡುತ್ತದೆ, ಸಾಮಾನ್ಯವಾಗಿ -1. ಈ ಉತ್ತರವನ್ನು ‘ಇಂಟ್’ನಲ್ಲಿ ಇಟ್ಟುಕೊಳ್ಳಬೇಕು. ‘ಅಕ್ಷರ ತಾನೇ?’ ಅಂದುಕೊಂಡು ‘ಚಾರ್’ನಲ್ಲಿ ಇಟ್ಟುಕೊಂಡರೆ ಏನಾಗುತ್ತೆ? ಇಂಟೆಲ್, ಎಎಂಡಿ ಚಿಪ್ಪುಗಳ ಲಿನಕ್ಸ್‌ನಲ್ಲಿ ಬಹುತೇಕ ಏನೂ ಆಗುವುದಿಲ್ಲ. ಅಲ್ಲಿ ಚಾರ್ ಅಂದರೆ -128ರಿಂದ 127ರವರೆಗಿನ ಸಂಖ್ಯೆ, -1ಕ್ಕೆ ಅದರಲ್ಲಿ ಜಾಗ ಇದೆ. ಅದೇ ಕೋಡನ್ನು ಆರ್ಮ್ ಚಿಪ್ಪಿನ ಲಿನಕ್ಸ್ ಸರ್ವರ್‌ಗೆ ಹಾಕಿ. ಅಲ್ಲಿ ಚಾರ್ ಅಂದರೆ 0ಯಿಂದ 255. ಒಳಗೆ ಹೋದ -1, 255 ಆಗಿ ಹೊರಬರುತ್ತದೆ. 255 ಎಂದಿಗೂ -1ಕ್ಕೆ ಸಮ ಆಗುವುದಿಲ್ಲ, ಪ್ರೋಗ್ರಾಮು ನಿಲ್ಲುವುದೂ ಇಲ್ಲ.

ಇನ್ನೂ ತಮಾಷೆ ಅಂದರೆ, ಆಪಲ್‌ನ ಎಂ1 ಲ್ಯಾಪ್‌ಟಾಪಿನಲ್ಲಿ ಇರುವುದೂ ಆರ್ಮ್ ಕುಟುಂಬದ ಚಿಪ್ಪೇ. ಆದರೆ ಮ್ಯಾಕ್‌ನಲ್ಲಿ ಚಾರ್‌ಗೆ ಋಣ ಸಂಖ್ಯೆ ಹಿಡಿಯುತ್ತದೆ. ಅಂದರೆ ‘ನಾನು ಆರ್ಮ್ ಮೇಲೂ ಟೆಸ್ಟ್ ಮಾಡಿದೀನಿ’ ಅಂತ ನೀವು ಪ್ರಾಮಾಣಿಕವಾಗಿ ಹೇಳಬಹುದು, ಕೋಡು ಸರ್ವರ್‌ನಲ್ಲಿ ಕೆಡಲೂಬಹುದು. ಚಾರ್ ಯಾವ ಬಗೆಯದು ಅನ್ನುವುದನ್ನು ಸಿ ಭಾಷೆಯ ಸ್ಟ್ಯಾಂಡರ್ಡ್ ಕಂಪೈಲರ್ ಬರೆಯುವವರಿಗೇ ಬಿಟ್ಟಿದೆ. ನಾವು ನೋಡಿದ್ದು ನಿಜ, ನೋಡಿದ್ದರಿಂದ ತೆಗೆದ ತೀರ್ಮಾನ ತಪ್ಪು.

ಈ ಥರದ ತಪ್ಪಿಗೆ ನಮ್ಮ ನ್ಯಾಯದರ್ಶನದವರು ಶತಮಾನಗಳ ಹಿಂದೆಯೇ ಒಂದು ಹೆಸರಿಟ್ಟಿದ್ದಾರೆ: ಉಪಾಧಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ತೀರ್ಮಾನಿಸುವುದು ಸರಿ. ಅದನ್ನು ತಿರುಗಿಸಿ, ‘ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ’ ಅಂದರೆ? ಒಲೆಯಲ್ಲಿ ನೋಡಿದ್ದೀವಿ, ಬಚ್ಚಲ ಹಂಡೆಯ ಕೆಳಗೆ ನೋಡಿದ್ದೀವಿ, ಎಲ್ಲ ಕಡೆ ಹೊಗೆ ಇತ್ತು. ಆದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಬೇಕು. ನಾವು ನೋಡಿದ ಒಲೆಗಳಲ್ಲೆಲ್ಲ ಹಸಿ ಸೌದೆ ಇತ್ತು, ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೇ. ಹೀಗೆ ಹೇಳದೆಯೇ ಒಳಗೆ ಸೇರಿಕೊಂಡ ಷರತ್ತೇ ಉಪಾಧಿ.

ಅದೇ ಒಲೆಯನ್ನು ಸಾವಿರ ಸಲ ಪರೀಕ್ಷೆ ಮಾಡಿದರೂ ಉಪಾಧಿ ಕಣ್ಣಿಗೆ ಬೀಳುವುದಿಲ್ಲ. ಟೆಸ್ಟ್‌ಗಳ ಸಂಖ್ಯೆ ಹೆಚ್ಚಿದಷ್ಟೂ ತಪ್ಪು ತೀರ್ಮಾನದ ಮೇಲೆ ನಮ್ಮ ನಂಬಿಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಬೇಕಾಗಿರೋದು ಇನ್ನೊಂದು ಒಲೆಯಲ್ಲ, ಒಂದು ಕಬ್ಬಿಣದ ಗುಂಡು. ಪೋರ್ಟಬಲ್ ಕೋಡ್ ಬರೆಯುವುದು ಅಂದರೆ ಮುಖ್ಯವಾಗಿ ಇದೇ: ನಮ್ಮ ಕೋಡಿನ ಹಸಿ ಸೌದೆ ಯಾವುದು ಅಂತ ಹುಡುಕುವುದು.

ಹಾಗಾದರೆ ಸಿ ಭಾಷೆಯೇ ಯಾಕೆ ಇಷ್ಟೊಂದು ಸಂಗತಿಗಳನ್ನು ತೀರ್ಮಾನಿಸದೆ ಬಿಟ್ಟಿತು? ಸೋಮಾರಿತನದಿಂದ ಅಲ್ಲ. 1978ರಲ್ಲಿ ಬಂದ ಕರ್ನಿಗನ್ ಮತ್ತು ರಿಚಿ ಅವರ ಪುಸ್ತಕದ ಮೊದಲ ಆವೃತ್ತಿಯಲ್ಲಿ ಒಂದು ಸಣ್ಣ ಪಟ್ಟಿ ಇದೆ. ಪಿಡಿಪಿ-11ರಲ್ಲಿ ಚಾರ್‌ಗೆ 8 ಬಿಟ್, ಇಂಟ್‌ಗೆ 16 ಬಿಟ್. ಹನಿವೆಲ್ 6000ದಲ್ಲಿ ಚಾರ್‌ಗೆ 9 ಬಿಟ್, ಇಂಟ್‌ಗೆ 36. ಐಬಿಎಂ 370 ಮತ್ತು ಇಂಟರ್‌ಡೇಟಾ 8/32ರಲ್ಲಿ ಇಂಟ್‌ಗೆ 32. ಒಂದೇ ಭಾಷೆ ಈ ನಾಲ್ಕೂ ಕಡೆ ಬದುಕಬೇಕಿತ್ತು. ಎಲ್ಲರಿಗೂ ಒಂದೇ ಅಳತೆ ಅಂತ ಕಡ್ಡಾಯ ಮಾಡಿದ್ದರೆ ಕೆಲವು ಯಂತ್ರಗಳಲ್ಲಿ ಸಿ ತೆವಳಬೇಕಾಗುತ್ತಿತ್ತು. ಹಾಗಾಗಿ ‘ಕಡೇಪಕ್ಷ ಇಷ್ಟು ಇರುತ್ತೆ, ಉಳಿದಿದ್ದು ಆಯಾ ಯಂತ್ರಕ್ಕೆ ಬಿಟ್ಟಿದ್ದು’ ಅನ್ನುವ ದಾರಿ ಹಿಡಿದರು.

ಯೂನಿಕ್ಸ್ ಅನ್ನೇ ಬೇರೆ ಯಂತ್ರಕ್ಕೆ ಒಯ್ಯಲು ಹೊರಟಾಗ ಈ ದಾರಿಯ ಕಷ್ಟವೂ ಗೊತ್ತಾಯಿತು. 1977ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ, ಸ್ಟೀವ್ ಜಾನ್ಸನ್ ಯೂನಿಕ್ಸನ್ನು ಪಿಡಿಪಿ-11ರಿಂದ ಇಂಟರ್‌ಡೇಟಾ 8/32ಕ್ಕೆ ಒಯ್ಯುವ ಕೆಲಸಕ್ಕೆ ಕೈಹಾಕಿದರು. ಅಲ್ಲಿಯವರೆಗೆ ಜನ ಪಾಯಿಂಟರ್, ಇಂಟ್ ಎರಡೂ ಒಂದೇ ಅನ್ನುವ ಹಾಗೆ ಬರೆಯುತ್ತಿದ್ದರು. ಇಂಥದ್ದನ್ನೆಲ್ಲ ಪತ್ತೆ ಹಚ್ಚಲು ಜಾನ್ಸನ್ ಬರೆದ ‘ಲಿಂಟ್’ ಅನ್ನುವ ಸಾಧನದ ಹೆಸರನ್ನೇ ನಾವು ಇವತ್ತಿಗೂ ಎಲ್ಲ ಭಾಷೆಗಳ ಲಿಂಟರ್‌ಗಳಿಗೆ ಇಟ್ಟುಕೊಂಡಿದ್ದೇವೆ. ಬೈಟುಗಳನ್ನು ಜೋಡಿಸಿಡುವ ಕ್ರಮ ಯಂತ್ರದಿಂದ ಯಂತ್ರಕ್ಕೆ ಬೇರೆಯಾದ್ದರಿಂದ, ಯು-ಎನ್-ಐ-ಎಕ್ಸ್ ಅನ್ನುವ ನಾಲ್ಕು ಅಕ್ಷರ ಇನ್ನೊಂದು ಯಂತ್ರದಲ್ಲಿ ಎನ್-ಯು-ಎಕ್ಸ್-ಐ ಆಗಿ ಕಾಣುವ ತೊಂದರೆಗೆ ‘ನುಕ್ಸಿ ಸಮಸ್ಯೆ’ ಅನ್ನುವ ಹೆಸರೇ ಬಂತು.

ಒಟ್ಟಿನಲ್ಲಿ ಸಿ ಒಂದು ಕರಾರು. ಕೆಲವನ್ನು ಖಾತ್ರಿ ಕೊಡುತ್ತದೆ. ಕೆಲವನ್ನು ಕಂಪೈಲರ್‌ಗೆ ಬಿಟ್ಟು, ‘ಏನು ಮಾಡ್ತೀರಿ ಅಂತ ಬರೆದಿಡಿ’ ಅನ್ನುತ್ತದೆ. ಇನ್ನು ಕೆಲವು ಕಡೆ, ‘ಇದನ್ನು ಮಾಡಿದರೆ ಏನಾಗುತ್ತೆ ಅಂತ ನಾನು ಹೇಳೋದಿಲ್ಲ’ ಅನ್ನುತ್ತದೆ. ನಿಜವಾದ ಜಗಳ ಇರುವುದು ಈ ಮೂರನೇ ಜಾಗದಲ್ಲಿ.

ಇಂಟ್ ಒಂದರ ಗರಿಷ್ಠ ಮಿತಿ ದಾಟುತ್ತಿದೆಯಾ ಅಂತ ನೋಡಲು ಕೆಲವರು ಒಂದು ಉಪಾಯ ಮಾಡುತ್ತಿದ್ದರು: ಸಂಖ್ಯೆಗೆ 100 ಕೂಡಿಸು, ಬಂದ ಉತ್ತರ ಮೂಲ ಸಂಖ್ಯೆಗಿಂತ ದೊಡ್ಡದಾಗಿಲ್ಲದಿದ್ದರೆ ಮಿತಿ ದಾಟಿ ಸುತ್ತಿಕೊಂಡಿದೆ ಅಂತ ಅರ್ಥ. ಬಹುತೇಕ ಯಂತ್ರಗಳಲ್ಲಿ ಸಂಖ್ಯೆ ಹಾಗೆ ಸುತ್ತಿಕೊಳ್ಳುವುದು ನಿಜ. ಆದರೆ ಇಂಟ್ ಮಿತಿ ದಾಟಿದರೆ ಏನಾಗುತ್ತದೆ ಅಂತ ಸಿ ಹೇಳುವುದಿಲ್ಲ. ಇತ್ತೀಚಿನ ಸಿ23 ಕೂಡ ಅದನ್ನು ಹಾಗೇ ಬಿಟ್ಟಿದೆ. ಜಿಸಿಸಿ ಕಂಪೈಲರ್ ಇದನ್ನು ಹೀಗೆ ಓದಿತು: ‘ಈ ಪ್ರೋಗ್ರಾಮರ್ ಕರಾರಿನ ಪ್ರಕಾರ ನಡೆಯುತ್ತಾರೆ, ಮಿತಿ ದಾಟುವುದೇ ಇಲ್ಲ, ದಾಟದಿದ್ದರೆ 100 ಕೂಡಿಸಿದ ಸಂಖ್ಯೆ ಯಾವಾಗಲೂ ದೊಡ್ಡದೇ, ಅಂದಮೇಲೆ ಈ ಪರೀಕ್ಷೆಯೇ ಬೇಡ.’ ಪರೀಕ್ಷೆಯನ್ನು ತೆಗೆದುಹಾಕಿತು. ಸುರಕ್ಷತೆಗೆ ಅಂತ ಬರೆದ ಸಾಲು, ಸೋರ್ಸ್ ಕೋಡಿನಲ್ಲಿ ಇದೆ, ಓಡುವ ಪ್ರೋಗ್ರಾಮಿನಲ್ಲಿ ಇಲ್ಲ. 2007ರಲ್ಲಿ ಇದರ ಬಗ್ಗೆ ಜಿಸಿಸಿಗೆ ಬಗ್ ದೂರು ಹೋಯಿತು, ಖಾರವಾದ ವಾದವೂ ನಡೆಯಿತು. 2008ರಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಕಂಪೈಲರ್‌ಗಳು ಇಂಥ ಪರೀಕ್ಷೆಗಳನ್ನು ತೆಗೆದುಹಾಕುವ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು.

ಇಲ್ಲಿ ಕಂಪೈಲರ್ ದ್ರೋಹ ಮಾಡಿತು ಅಂತ ಹೇಳುವುದು ಸುಲಭ. ಅದು ಮಾಡಿದ್ದು ನಮ್ಮ ಮಾತನ್ನು ನಂಬಿದ್ದು. ಸಿಯಲ್ಲಿ ಬರೆಯುವುದು ಅಂದರೆ ‘ನಿನ್ನ ನಿಯಮ ಪಾಲಿಸ್ತೀನಿ’ ಅಂತ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡದ್ದು ನಮಗೆ ನೆನಪಿರಲಿಲ್ಲ, ಅದಕ್ಕೆ ನೆನಪಿತ್ತು.

ಆದರೆ ವಾದ ಇಷ್ಟಕ್ಕೇ ಮುಗಿಯುವುದಿಲ್ಲ. ಇಪ್ಪತ್ತು ವರ್ಷ ಒಂದೇ ಥರ ನಡೆದುಕೊಂಡು ಬಂದದ್ದಕ್ಕೆ ಯಾವ ಬೆಲೆಯೂ ಇಲ್ಲವಾ? ಬರೆದ ಕರಾರು ಇಲ್ಲದೆಯೇ ನಡೆಯುವ ವ್ಯವಹಾರಗಳು ನಮ್ಮ ಸುತ್ತ ಎಷ್ಟಿಲ್ಲ. ಬೆಳಿಗ್ಗೆ ಹಾಲು ಹಾಕುವವರು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ಹಾಗಂತ ಒಂದು ದಿನ ಹೇಳದೆ ಕೇಳದೆ ನಿಲ್ಲಿಸಿದರೆ ‘ನಾನು ಯಾವಾಗ ಮಾತು ಕೊಟ್ಟಿದ್ದೆ?’ ಅನ್ನುವುದು ಸರಿಯಾದ ಉತ್ತರವೂ ಆಗುವುದಿಲ್ಲ.

ಈ ವಾದ 2010ರಲ್ಲಿ ಸಾವಿರಾರು ಜನರ ಕಂಪ್ಯೂಟರಿನ ಸ್ಪೀಕರ್‌ಗೆ ಬಂದು ಕೂತಿತು. ಆ ವರ್ಷ ಫೆಡೋರಾ 14 ಲಿನಕ್ಸ್ ಹಾಕಿಕೊಂಡವರಿಗೆ ಅಡೋಬಿ ಫ್ಲ್ಯಾಶ್‌ನಲ್ಲಿ ಬರುವ ಶಬ್ದ ಕೆಟ್ಟುಹೋಗಿತ್ತು. ಕಾರಣ ‘ಮೆಮ್‌ಕಾಪಿ’, ಮೆಮೊರಿಯ ಒಂದು ಭಾಗವನ್ನು ಇನ್ನೊಂದು ಕಡೆಗೆ ನಕಲು ಮಾಡುವ ಫಂಕ್ಷನ್. ಎರಡು ಜಾಗಗಳು ಒಂದರ ಮೇಲೊಂದು ಬೀಳುವ ಹಾಗಿದ್ದರೆ ಅದನ್ನು ಬಳಸಬಾರದು, ಅದಕ್ಕೆ ‘ಮೆಮ್‌ಮೂವ್’ ಇದೆ ಅಂತ ಸ್ಟ್ಯಾಂಡರ್ಡ್ ಸ್ಪಷ್ಟವಾಗಿ ಹೇಳುತ್ತದೆ. ಹಳೆಯ ಮೆಮ್‌ಕಾಪಿ ಮುಂದಿನಿಂದ ಹಿಂದಕ್ಕೆ ನಕಲು ಮಾಡುತ್ತಿದ್ದುದರಿಂದ ಕೆಲವು ಸಂದರ್ಭಗಳಲ್ಲಿ ನಿಯಮ ಮುರಿದರೂ ನಡೆದುಹೋಗುತ್ತಿತ್ತು. ಗ್ಲಿಬ್‌ಸಿ ಲೈಬ್ರರಿಯವರು ವೇಗಕ್ಕೋಸ್ಕರ ಅದನ್ನು ಹೊಸದಾಗಿ ಬರೆದರು. ಹೊಸದು ಕೆಲವೊಮ್ಮೆ ಹಿಂದಿನಿಂದ ನಕಲು ಮಾಡುತ್ತಿತ್ತು. ಅಲ್ಲಿಗೆ ಕತೆ ಮುಗೀತು.

ಗ್ಲಿಬ್‌ಸಿ ಕಡೆಯವರ ವಾದ: ನಿಯಮ ಮೊದಲಿನಿಂದಲೂ ಇದೆ, ಮುರಿದವರು ತಿದ್ದಿಕೊಳ್ಳಲಿ. ಲಿನಸ್ ಟೊರ್ವಾಲ್ಡ್ಸ್ ಆ ಬಗ್ ದೂರಿನ ಚರ್ಚೆಗೇ ಇಳಿದು ಎದುರು ವಾದ ಮಾಡಿದರು: ಬಳಸುವವರಿಗೆ ಯಾರ ತಪ್ಪು ಅನ್ನುವುದು ಬೇಕಿಲ್ಲ, ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದೆ, ಕೆಡದ ಹಾಗೆ ನೋಡಿಕೊಳ್ಳುವುದು ಸುಲಭ ಇದ್ದಾಗ ಯಾಕೆ ಕೆಡಿಸಬೇಕು?

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ನನಗೆ ಹಿಡಿಸಿದ್ದು ಮುಂದೆ ಆದದ್ದು. 2011ರ ಗ್ಲಿಬ್‌ಸಿ 2.14ರಲ್ಲಿ ಎರಡು ಮೆಮ್‌ಕಾಪಿಗಳು ಬಂದವು. ಈಗಾಗಲೇ ಕಂಪೈಲ್ ಆಗಿ ಜನರ ಕೈಯಲ್ಲಿದ್ದ ಹಳೆಯ ಪ್ರೋಗ್ರಾಮುಗಳಿಗೆ ಮೆಮ್‌ಮೂವ್‌ನ ಹಾಗೆ ಸುರಕ್ಷಿತವಾಗಿ ನಡೆಯುವುದು ಒಂದು, ಹೊಸದಾಗಿ ಕಂಪೈಲ್ ಮಾಡುವವರಿಗೆ ಕರಾರಿನ ಪ್ರಕಾರ ನಡೆಯುವುದು ಇನ್ನೊಂದು. ಅಂದರೆ, ನಮ್ಮ ರೂಢಿಯನ್ನು ನಂಬಿ ಆಗಲೇ ಮನೆ ಕಟ್ಟಿದವರನ್ನು ಬೀದಿಗೆ ಹಾಕುವುದಿಲ್ಲ. ಇನ್ನು ಮುಂದೆ ಕಟ್ಟುವವರಿಗೆ ಮಾತ್ರ ನಿಯಮದಲ್ಲಿ ರಿಯಾಯಿತಿ ಇಲ್ಲ. ರೂಢಿ ಮತ್ತು ಮಾತು ಎರಡಕ್ಕೂ ಅವುಗಳ ಬೆಲೆ ಸಿಕ್ಕಿತು. ‘ಯಾರದು ತಪ್ಪು’ ಅನ್ನುವ ಪ್ರಶ್ನೆಗೂ ‘ಈಗ ಯಾರು ಏನು ಮಾಡಬೇಕು’ ಅನ್ನುವ ಪ್ರಶ್ನೆಗೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ನಮ್ಮ ಆಫೀಸಿನ ಅರ್ಧ ಮೀಟಿಂಗ್‌ಗಳು ಇವೆರಡನ್ನೂ ಕಲಸಿಕೊಂಡೇ ಹಾಳಾಗುತ್ತವೆ.

ಈಗ ಬಿಲ್ಲು ಯಾರು ಕಟ್ಟುತ್ತಾರೆ ಅನ್ನುವುದಕ್ಕೆ ಬರೋಣ. ಉಪಾಧಿಯನ್ನು ಮರೆತವರಿಗೆ ತೊಂದರೆ ಆಗುವುದು ಕಡಿಮೆ, ಏಕೆಂದರೆ ಅವರ ಮಷೀನಲ್ಲಿ ಸೌದೆ ಹಸಿಯಾಗೇ ಇರುತ್ತದೆ. ತೊಂದರೆ ಬೀಳುವುದು ಅವರಂತಿಲ್ಲದವರ ಮೇಲೆ. ಒಂದು ಉದಾಹರಣೆ ನಮ್ಮದೇ ಇದೆ. ‘ಕ’ ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟು: 224, 178, 149. ಕನ್ನಡದ ಯಾವ ಅಕ್ಷರವನ್ನೇ ತಗೊಳ್ಳಿ, ಮೂರು ಬೈಟೂ 127ಕ್ಕಿಂತ ದೊಡ್ಡವೇ. ಚಾರ್‌ಗೆ ಋಣ ಸಂಖ್ಯೆ ಹಿಡಿಯುವ ಯಂತ್ರದಲ್ಲಿ ಈ ‘ಕ’ -32, -78, -107 ಆಗುತ್ತದೆ. ಇದನ್ನು ‘ಇದು ಅಕ್ಷರವೇ?’ ಎಂದು ಕೇಳುವ ‘ಇಸ್‌ಆಲ್ಫಾ’ ಫಂಕ್ಷನ್‌ಗೆ ಹಾಗೇ ಕೊಡುವಂತಿಲ್ಲ. ಕೊಟ್ಟರೆ ಏನಾಗುತ್ತೆ ಅಂತ ಸಿ ಹೇಳುವುದಿಲ್ಲ. ಗ್ಲಿಬ್‌ಸಿ ತನ್ನ ಪಟ್ಟಿಯಲ್ಲಿ ಋಣ ಸಂಖ್ಯೆಗಳಿಗೂ ಜಾಗ ಬಿಟ್ಟಿರುವುದರಿಂದ ಲಿನಕ್ಸ್‌ನಲ್ಲಿ ನಡೆದುಹೋಗುತ್ತದೆ. ಮೈಕ್ರೋಸಾಫ್ಟ್ ಕಂಪೈಲರಿನ ಡೀಬಗ್ ಬಿಲ್ಡ್‌ನಲ್ಲಿ ಪ್ರೋಗ್ರಾಮು ಎರರ್ ತೋರಿಸಿ ನಿಂತುಬಿಡುತ್ತದೆ.

ಇಂಗ್ಲಿಷ್ ಅಕ್ಷರಗಳು 127ರ ಒಳಗೇ ಇರುವುದರಿಂದ ಇಂಗ್ಲಿಷ್ ಟೈಪ್ ಮಾಡಿ ಟೆಸ್ಟ್ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ. ಅವರಿಗೆ ಕನ್ನಡದ ಮೇಲೆ ದ್ವೇಷ ಇರಲಿಲ್ಲ, ಕನ್ನಡ ನೆನಪಾಗಲಿಲ್ಲ ಅಷ್ಟೇ. ಪ್ರಾಬ್ಲಂ ಇರೋದು ಅಲ್ಲೇ. ಬರೆದಿಡದ ಊಹೆ ಒಂದು ನಿರ್ಧಾರವೂ ಹೌದು: ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರನ್ನು ಬಿಡಬೇಕು ಅನ್ನುವ ನಿರ್ಧಾರ. ತೆಗೆದುಕೊಂಡವರಿಗೇ ಗೊತ್ತಿಲ್ಲದೆ ತೆಗೆದುಕೊಂಡದ್ದು. ಈ ಲೆಕ್ಕದಿಂದ ಬಿಟ್ಟುಹೋಗುವವರಲ್ಲಿ ಮುಂದಿನ ಕಾಲದವರೂ ಇದ್ದಾರೆ. ಕಾಲವನ್ನು 32 ಬಿಟ್ಟಿನಲ್ಲಿ ಎಣಿಸುವ ಸಿಸ್ಟಮ್‌ಗಳಿಗೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಎಣಿಕೆ ಮುಗಿಯುತ್ತದೆ. 32 ಬಿಟ್ ಸಾಕು ಅಂದುಕೊಂಡವರಲ್ಲಿ ಎಷ್ಟೋ ಜನ ಅಷ್ಟು ಹೊತ್ತಿಗೆ ರಿಟೈರ್ ಆಗಿರುತ್ತಾರೆ.

‘ಸರಿ ಮಾರಾಯ್ರೇ, ಆದರೆ ಸ್ಪ್ರಿಂಟ್ ಶುಕ್ರವಾರ ಮುಗಿಯುತ್ತೆ’ ಅಂತ ನೀವು ಹೇಳಬಹುದು. ನ್ಯಾಯವಾದ ಮಾತು. ಚಾರ್‌ಗೆ 9 ಬಿಟ್ ಇರುವ ಹನಿವೆಲ್‌ಗೆ ಇವತ್ತು ಯಾರೂ ಕೋಡು ಬರೆಯುತ್ತಿಲ್ಲ. ಎಲ್ಲ ಯಂತ್ರಗಳಿಗೂ ಹೊಂದಬೇಕು ಅಂತ ಹೊರಟ ಕೋಡು ‘ಈ ಯಂತ್ರವಾದರೆ ಹೀಗೆ, ಆ ಯಂತ್ರವಾದರೆ ಹಾಗೆ’ ಅನ್ನುವ ಕವಲುಗಳಲ್ಲೇ ಮುಳುಗಿ ಯಾರಿಗೂ ಓದಲಾಗದ ಸ್ಥಿತಿಗೆ ಬರುವುದೂ ಉಂಟು. ಇಲ್ಲದ ಯೂಸರ್‌ಗೋಸ್ಕರ ಇರುವ ಯೂಸರ್‌ಗೆ ತೊಂದರೆ ಕೊಡುವುದು ಯಾವ ನೀತಿ?

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಲಿನಕ್ಸ್‌ನ ಹುಟ್ಟಿನಲ್ಲೇ ಇದೆ. 1991ರ ಆಗಸ್ಟ್‌ನಲ್ಲಿ ಟೊರ್ವಾಲ್ಡ್ಸ್ ತಮ್ಮ ಹೊಸ ಸಿಸ್ಟಮ್ ಬಗ್ಗೆ ಜಗತ್ತಿಗೆ ತಿಳಿಸಿದಾಗ, ಇದು ಪೋರ್ಟಬಲ್ ಅಲ್ಲ, 386 ಚಿಪ್ಪಿನ ವಿಶೇಷ ಸೌಲಭ್ಯಗಳನ್ನು ನೆಚ್ಚಿಕೊಂಡಿದೆ ಅಂತ ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದು ತಪ್ಪಾಗಿರಲಿಲ್ಲ. ಕೈಯಲ್ಲಿದ್ದ ಒಂದು ಯಂತ್ರಕ್ಕೆ ಬರೆದರು, ಹಾಗಂತ ಹೇಳಿದರು. ಯಾವುದರ ಮೇಲೆ ನಿಂತಿದೆ ಅಂತ ಗೊತ್ತಿದ್ದರೆ ಎಲ್ಲಿ ಅಗೆಯಬೇಕು ಅಂತಲೂ ಗೊತ್ತಿರುತ್ತದೆ. 1995ರ ಲಿನಕ್ಸ್ 1.2ರ ಹೊತ್ತಿಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಚಿಪ್ಪುಗಳಿಗೂ ಬೆಂಬಲ ಬಂದಿತ್ತು. ಇನ್ನೂ ಒಂದು ವಿಷಯ: ಚಾರ್ ಗೊಂದಲವನ್ನು 2023ರಲ್ಲಿ ಬಂದ ಲಿನಕ್ಸ್ 6.2 ತನ್ನ ಮಟ್ಟಿಗೆ ಬಗೆಹರಿಸಿಕೊಂಡಿತು. ಯಾವ ಚಿಪ್ಪೇ ಇರಲಿ, ಕರ್ನಲ್ ಒಳಗೆ ಚಾರ್ ಅಂದರೆ 0ಯಿಂದ 255 ಅಂತ ಕಂಪೈಲರ್‌ಗೇ ಹೇಳಿಬಿಟ್ಟರು. ಉಪಾಧಿ ಹೋಗಲಿಲ್ಲ, ಬಹಿರಂಗವಾಯಿತು.

ಹಾಗಾಗಿ ನಮ್ಮ ಮೇಲಿರುವ ಕರ್ತವ್ಯ ಎಲ್ಲ ಕಡೆ ಓಡುವ ಕೋಡು ಬರೆಯುವುದಲ್ಲ. ಎಲ್ಲಿ ಓಡುವುದಿಲ್ಲ ಅನ್ನುವುದನ್ನು ಮುಚ್ಚಿಡದಿರುವುದು. ಇದಕ್ಕೆ ಮಹಾ ತ್ಯಾಗವೇನೂ ಬೇಕಿಲ್ಲ. ‘ಲಾಂಗ್’ 8 ಬೈಟು ಅಂತ ನಂಬಿದ್ದರೆ, 64 ಬಿಟ್ ವಿಂಡೋಸ್‌ನಲ್ಲಿ ಅದು 4 ಬೈಟು ಅಂತ ನೆನಪಿಡಿ, ಸಿ99ರಿಂದ ಇರುವ ನಿಗದಿತ ಅಳತೆಯ ಟೈಪುಗಳನ್ನು ಬಳಸಿ. ಬಿಡಲಾಗದ ಊಹೆ ಇದ್ದರೆ ಸಿ11ರ ಸ್ಟ್ಯಾಟಿಕ್ ಅಸರ್ಟ್‌ನಲ್ಲಿ ಒಂದು ಸಾಲು ಬರೆಯಿರಿ. ಊಹೆ ಸುಳ್ಳಾದ ಯಂತ್ರದಲ್ಲಿ ಕೋಡು ಕಂಪೈಲೇ ಆಗುವುದಿಲ್ಲ. ಮಧ್ಯರಾತ್ರಿ ಪ್ರೊಡಕ್ಷನ್‌ನಲ್ಲಿ ಕೆಡುವುದಕ್ಕಿಂತ ಅದು ಸಾವಿರ ಪಾಲು ಮೇಲು. ಜಿಸಿಸಿಯಲ್ಲಿ ಬಿಲ್ಡ್ ಮಾಡುವವರು ಆಗಾಗ ಕ್ಲ್ಯಾಂಗ್‌ನಲ್ಲೂ ಮಾಡಿ ನೋಡಿ. ಚಾರ್ ಅನ್ನು 0ಯಿಂದ 255 ಅಂತ ತಿಳಿಯಲು ಹೇಳುವ ಆಪ್ಷನ್ ಎರಡರಲ್ಲೂ ಇದೆ, ಅದನ್ನು ಹಾಕಿ ಟೆಸ್ಟ್ ಓಡಿಸಿದರೆ ಆರ್ಮ್ ಸರ್ವರ್ ಇಲ್ಲದೆಯೂ ಕಬ್ಬಿಣದ ಗುಂಡು ಸಿಕ್ಕ ಹಾಗೆ. ಮಿತಿ ದಾಟುವ ಲೆಕ್ಕಗಳನ್ನು ಓಡುವಾಗಲೇ ಹಿಡಿದುಕೊಡುವ ಸ್ಯಾನಿಟೈಜರ್‌ಗಳೂ ಎರಡರಲ್ಲೂ ಇವೆ. ಟೆಸ್ಟ್ ಡೇಟಾದಲ್ಲಿ ಒಂದಾದರೂ ಕನ್ನಡ ಹೆಸರು ಇರಲಿ.

‘ನನ್ನ ಮಷೀನಲ್ಲಿ ಓಡ್ತಿದೆ’ ಅನ್ನುವುದು ಅರ್ಧ ವಾಕ್ಯ. ಅಲ್ಲಿಗೇ ನಿಲ್ಲಿಸಿದರೆ, ಉಳಿದರ್ಧ ಹುಡುಕುವ ಕೆಲಸವನ್ನು ಕೇಳಿಸಿಕೊಂಡವರ ತಲೆಗೆ ಕಟ್ಟಿದ ಹಾಗೆ. ಸಿಟ್ಟು ಬರುವುದು ಅದಕ್ಕೇ. ‘ನನ್ನ ಮಷೀನು ಇಂಥದ್ದು, ಕಂಪೈಲರ್ ಇಂಥದ್ದು, ನಾನು ಇದಿಷ್ಟನ್ನು ನಂಬಿಕೊಂಡಿದ್ದೇನೆ’ ಅಂತ ಸೇರಿಸಿ ಹೇಳಿದರೆ ಅದೇ ಮಾತು ಸಹಾಯವಾಗುತ್ತದೆ. ಮುಂದೆ ಆ ಕೋಡನ್ನು ತೆರೆಯುವವರು ನಮಗೆ ಪರಿಚಯ ಇಲ್ಲದವರಾಗಿರಬಹುದು. ನಾವು ಕೆಲಸ ಬಿಟ್ಟ ಮೇಲೆ ಸೇರಿದವರೂ ಆಗಿರಬಹುದು. ಅವರಿಗೆ ನಾವು ಕೊಡಬೇಕಾದದ್ದು ಇಷ್ಟೇ. ಕಷ್ಟದ ಕೆಲಸವೇನಲ್ಲ, ನೆನಪಿಟ್ಟುಕೊಳ್ಳಬೇಕು.